ನಮ್ಮೂರ ಹಕ್ಕಿಗಳಿಗೂ ಒಂದು ಹಾಜರಿ ಪುಸ್ತಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ, ಮಕ್ಕಳಿಗೆ ಕಂಪ್ಯೂಟರ್, ಎಐ, ಉದ್ಯೋಗ ಇಂಥದ್ದರ ಬಗ್ಗೆ ನಾಲ್ಕು ಮಾತು ಹೇಳಿ" ಎಂದರು. ನಾನು, "ಹಕ್ಕಿಗಳ ಬಗ್ಗೆ ಮಾತಾಡಬಹುದೇ?" ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೂ ಅಡ್ಡಿಲ್ಲ" ಎಂದರು. ಆ 'ಅಡ್ಡಿಲ್ಲ'ದ ಬಲದ ಮೇಲೆ ಇಲ್ಲಿ ನಿಂತಿದ್ದೇನೆ. ಉದ್ಯೋಗದ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನಮ್ಮ ಅಳಿವೆಯ ಹಕ್ಕಿಗಳ ಬಗ್ಗೆ ಹೇಳುವವರು ಕಡಿಮೆ.

ಮೊದಲು ಒಂದು ಪ್ರಶ್ನೆ. ಹಿರಿಯರಿಗೆ ನೆನಪಿರಬಹುದು, ನಮ್ಮ ಶಾಲೆಯ ಹಳೆಯ ಕಟ್ಟಡಕ್ಕೆ ಹಂಚಿನ ಮಾಡು ಇತ್ತು. ಅದರ ಸಂದಿಯಲ್ಲಿ ಗುಬ್ಬಚ್ಚಿಗಳ ಗೂಡು. ಗಣಿತದ ತಾಸಿನಲ್ಲಿ ಮೇಲಿನಿಂದ ಹುಲ್ಲಿನ ಕಡ್ಡಿ ಪಟ್ಟಿಯ ಮೇಲೆ ಬೀಳುತ್ತಿತ್ತು. ಮಾಸ್ತರರು ತಿರುಗಿ ನೋಡುವ ಮೊದಲೇ ಅದನ್ನು ಊದಿ ಹಾರಿಸಬೇಕಿತ್ತು. ಈಗ ಆ ಗುಬ್ಬಚ್ಚಿಗಳು ಶಾಲೆಯಲ್ಲಿಲ್ಲ. ನನ್ನ ಪ್ರಶ್ನೆ ಇಷ್ಟೇ: ಅವು ಯಾವ ವರ್ಷ ಹೋದವು?

ಈ ಪ್ರಶ್ನೆಯನ್ನು ನಾನು ಹಲವರಿಗೆ ಕೇಳಿದ್ದೇನೆ. ಒಬ್ಬರು ಸ್ಲ್ಯಾಬ್ ಹಾಕಿದ ಮೇಲೆ ಎನ್ನುತ್ತಾರೆ, ಇನ್ನೊಬ್ಬರು ಅದಕ್ಕೂ ಮೊದಲೇ ಎನ್ನುತ್ತಾರೆ, ಮತ್ತೊಬ್ಬರು ಮೊಬೈಲ್ ಟವರ್ ಬಂದ ಮೇಲೆ ಎಂದು ಖಚಿತವಾಗಿ ಹೇಳುತ್ತಾರೆ. ಯಾರ ಮಾತು ಸರಿ ಎಂದು ನೋಡಲು ಒಂದು ಚೀಟಿಯೂ ಇಲ್ಲ. ನಮ್ಮ ಶಾಲೆಯ ಕಪಾಟಿನಲ್ಲಿ 50 ವರ್ಷಗಳ ದಾಖಲಾತಿ ಪುಸ್ತಕವಿದೆ, ಹಾಜರಿ ಪುಸ್ತಕವಿದೆ. ನಾನು ಎಂಟನೆಯ ತರಗತಿಯಲ್ಲಿ ಎಷ್ಟು ದಿನ ಜ್ವರದ ನೆಪ ಹೇಳಿ ಮನೆಯಲ್ಲಿ ಉಳಿದೆ ಎಂಬುದು ಕೂಡ ಅಲ್ಲಿ ಕೆಂಪು ಶಾಯಿಯಲ್ಲಿದೆ. ಗುಬ್ಬಚ್ಚಿಗಳು ಮಾತ್ರ ಟಿ.ಸಿ. ತೆಗೆದುಕೊಳ್ಳದೆ ಹೋಗಿಬಿಟ್ಟವು. ನಾವು ಯಾರೂ ಬರೆದಿಡಲಿಲ್ಲ. ಬರೆದಿಡದ ಕಾರಣ, ಅವು ಏಕೆ ಹೋದವು ಎಂದು ಈಗ ಹೇಳುವ ದಾರಿಯೂ ಇಲ್ಲ.

ನನ್ನ ಇವತ್ತಿನ ಮಾತೆಲ್ಲ ಈ ಒಂದು ಕೊರತೆಯ ಸುತ್ತ.

ನಾವು ಎಂಥ ಜಾಗದಲ್ಲಿದ್ದೇವೆ ಎಂದು ಸ್ವಲ್ಪ ನೋಡೋಣ. ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ ಧುಮುಕಿ, ನಮ್ಮ ಕುಮಟಾ ತಾಲೂಕಿನಲ್ಲಿ ಹರಡಿಕೊಂಡು, ಅಘನಾಶಿನಿ ಮತ್ತು ತದಡಿಯ ನಡುವೆ ಸಮುದ್ರ ಸೇರುತ್ತದೆ. ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ಹೀಗೆ ತಡೆಯಿಲ್ಲದೆ ಕಡಲು ಮುಟ್ಟುವ ನದಿಗಳು ಪಶ್ಚಿಮ ಘಟ್ಟದಲ್ಲಿ ಈಗ ಕೆಲವೇ. ಆದ್ದರಿಂದ ಘಟ್ಟದ ಮಣ್ಣು ಪ್ರತಿ ಮಳೆಗಾಲದಲ್ಲೂ ಅಳಿವೆಯ ತನಕ ಬರುತ್ತದೆ. ಆ ಕೆಸರಿನಲ್ಲಿ ಹುಳ, ಏಡಿ, ಶೆಟ್ಲಿ, ಬಳಚು ಬೆಳೆಯುತ್ತವೆ. ದಂಡೆಯಲ್ಲಿ ಕಾಂಡ್ಲಾ ಗಿಡಗಳು ಬೇರು ಹರಡಿ ನಿಲ್ಲುತ್ತವೆ. ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಇವೆಲ್ಲ ಕೆಲವೇ ಕಿಲೋಮೀಟರಿನೊಳಗೆ ಒಟ್ಟಿಗೆ ಇರುವ ಜಾಗ ಇದು.

2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ಎಂಬುದು ಇರಾನ್ ದೇಶದ ಒಂದು ಊರು. 1971ರಲ್ಲಿ ಅಲ್ಲಿ ಜೌಗು ಪ್ರದೇಶಗಳ ರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಕರ್ನಾಟಕದಿಂದ ಮೊದಲು ಸೇರಿದ್ದು 2022ರಲ್ಲಿ ರಂಗನತಿಟ್ಟು. ನಮ್ಮ ಅಘನಾಶಿನಿಯ ಜೊತೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಸೇರಿದವು. ಅವು ಮೂರೂ ಹಕ್ಕಿಗಳಿಂದಲೇ ಹೆಸರಾದ ಜಾಗಗಳು. ನಮ್ಮ ಅಳಿವೆಯ ವಿಷಯದಲ್ಲಿ ಸರಕಾರವೇ ಹೇಳಿದ ಮಾತು, 6000ದಿಂದ 7500 ಕುಟುಂಬಗಳು ಮೀನುಗಾರಿಕೆ, ಬೇಸಾಯ, ಬಳಚು, ಏಡಿ, ಶೆಟ್ಲಿ, ಉಪ್ಪು ಎಂದು ಈ ನೀರನ್ನೇ ನಂಬಿ ಬದುಕುತ್ತಿವೆ. ಅಂದರೆ ಈ ಕೆಸರಿನಲ್ಲಿ ನಮ್ಮ ಊಟವೂ ಇದೆ, ಹಕ್ಕಿಗಳ ಊಟವೂ ಇದೆ. ಒಂದೇ ಬಟ್ಟಲು.

ಈಗ ಹಕ್ಕಿಗಳ ಕಡೆ ಬರೋಣ. ಮಕ್ಕಳೇ, ದೂರ ಹೋಗಬೇಕಿಲ್ಲ. ಮೀನು ದಕ್ಕೆಯಲ್ಲಿ ನಿಂತು ತಲೆ ಎತ್ತಿ. ಮೇಲೆ ಸುತ್ತುವ ಎಲ್ಲವನ್ನೂ ನಾವು 'ಹದ್ದು' ಎನ್ನುತ್ತೇವೆ. ನೋಡಿದರೆ ಅಲ್ಲಿ ಎರಡು ಬಗೆ. ಮೈಯೆಲ್ಲ ಮಣ್ಣಿನ ಕಂದು, ಬಾಲದ ತುದಿ ಮೀನಿನ ಬಾಲದ ಹಾಗೆ ಕವಲೊಡೆದದ್ದು ಹದ್ದು. ಇಟ್ಟಿಗೆಗೆಂಪು ಮೈ, ಬಿಳಿ ತಲೆ, ಬಿಳಿ ಎದೆ, ದುಂಡು ಬಾಲ ಇದ್ದರೆ ಅದು ಗರುಡ. ತೇರಿನ ದಿನ ರಥದ ಮೇಲೆ ಗರುಡ ಸುತ್ತುತ್ತದೆಯೇ ಎಂದು ಕತ್ತು ನೋಯುವಷ್ಟು ಹೊತ್ತು ಕಾಯುವವರು ನಾವು. ಅದೇ ಗರುಡ ದಿನಾ ಬೆಳಿಗ್ಗೆ ದಕ್ಕೆಯಲ್ಲಿ ಬಂಗಡೆಯ ತಲೆ ಎತ್ತಿಕೊಂಡು ಹೋಗುತ್ತಿರುತ್ತದೆ.

ಇವೆರಡಕ್ಕಿಂತ ದೊಡ್ಡದು ಇನ್ನೊಂದಿದೆ. ಬಿಳಿ ಹೊಟ್ಟೆಯ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್. ಬೂದು ಬೆನ್ನು, ಬಿಳಿ ಹೊಟ್ಟೆ. ಮೀನಲ್ಲದೆ ಕಡಲ ಹಾವನ್ನೂ ಹಿಡಿಯುತ್ತದೆ. ಮುರುಡೇಶ್ವರದ ಆಚೆ ಸಮುದ್ರದ ನಡುವಿನ ನೇತ್ರಾಣಿ ದ್ವೀಪ ಇವು ಗೂಡು ಕಟ್ಟುವ ಪ್ರಸಿದ್ಧ ಜಾಗ. ನಮ್ಮ ದಂಡೆಯಲ್ಲೂ ಎತ್ತರದ ಮರ ಸಿಕ್ಕರೆ ಗೂಡು ಕಟ್ಟುತ್ತವೆ. ಒಮ್ಮೆ ಕಟ್ಟಿದ ಗೂಡನ್ನು ಬಿಡುವುದಿಲ್ಲ. ವರ್ಷ ವರ್ಷವೂ ಅದಕ್ಕೇ ಕಡ್ಡಿ ಸೇರಿಸುತ್ತ ಹೋಗುತ್ತವೆ. ಹಾಗಾಗಿ ಅಂಥ ಒಂದು ಹಳೆಯ ಮಾವಿನ ಮರ ಅಥವಾ ಗಾಳಿ ಮರ ಕಡಿದರೆ, ಹಲವು ವರ್ಷಗಳ ಒಂದು ಮನೆ ಹೋದಂತೆ.

ಕಲ್ಲುಬಂಡೆಯ ಮೇಲೆ ಅಲೆಯ ಜೊತೆ ಹಿಂದೆ ಮುಂದೆ ಓಡುವ ಒಂದು ಬೆಳ್ಳಕ್ಕಿಯನ್ನು ನೋಡಿ. ಇದರ ತಮಾಷೆ ಎಂದರೆ ಇದು ಬೆಳ್ಳಕ್ಕಿಯ ಜಾತಿಯೇ ಆದರೂ ಬೆಳ್ಳಗಿರಬೇಕೆಂದಿಲ್ಲ. ಕೆಲವು ಪೂರ್ತಿ ಬಿಳಿ, ಕೆಲವು ಮಳೆಮೋಡದ ಕಪ್ಪು, ಎರಡೂ ಒಂದೇ ಹಕ್ಕಿ. ಕಡಲ ದಂಡೆ ಬಿಟ್ಟು ಒಳನಾಡಿಗೆ ಇದು ಹೋಗುವುದು ಬಹಳ ಅಪರೂಪ. ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಇದರ ಒಂದು ಚಿತ್ರಕ್ಕಾಗಿ ರಾತ್ರಿ ಬಸ್ಸು ಹಿಡಿದು ಬರುತ್ತಾರೆ. ನಮಗೆ ಇದು ಶಾಲೆಗೆ ಹೋಗುವ ದಾರಿಯ ಹಕ್ಕಿ.

ಕಾಂಡ್ಲಾ ಗಿಡಗಳ ಸಾಲಿಗೆ ಹೋದರೆ ಮಿಂಚುಳ್ಳಿಗಳು. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡ ಪುಟ್ಟ ನೀಲಿ ಮಿಂಚುಳ್ಳಿ ಇದೆ. ತಂತಿಯ ಮೇಲೆ ಕುಳಿತು ಗಟ್ಟಿಯಾಗಿ ನಗುವಂತೆ ಕೂಗುವ ಬಿಳಿ ಎದೆಯದು ಇದೆ. ಹೆಲಿಕಾಪ್ಟರಿನ ಹಾಗೆ ಗಾಳಿಯಲ್ಲಿ ಒಂದೇ ಕಡೆ ನಿಂತು ಬಾಣದಂತೆ ನೀರಿಗೆ ಬೀಳುವ ಕಪ್ಪು-ಬಿಳಿ ಮಿಂಚುಳ್ಳಿ ಇದೆ. ಕೊಕ್ಕೇ ಮೈಗಿಂತ ಭಾರ ಎನಿಸುವ ದೊಡ್ಡ ಮಿಂಚುಳ್ಳಿ ಇದೆ. ಚಳಿಗಾಲದಲ್ಲಿ ಕಪ್ಪು ತಲೆ, ನೇರಳೆ-ನೀಲಿ ಬೆನ್ನು, ಹವಳದ ಕೊಕ್ಕಿನ ಅತಿಥಿಯೊಂದು ಬರುತ್ತದೆ. ಕಾಂಡ್ಲಾ ಇಲ್ಲದಿದ್ದರೆ ಅದಕ್ಕೆ ಇಲ್ಲಿ ಕೆಲಸವಿಲ್ಲ.

ನನಗೆ ಅತ್ಯಂತ ಆಶ್ಚರ್ಯ ತರಿಸುವುದು ಮಾತ್ರ ಕೆಸರಿನ ಮೇಲೆ ಓಡಾಡುವ ಸಣ್ಣ, ಬಣ್ಣವಿಲ್ಲದ ಹಕ್ಕಿಗಳು. ಗೊರವಗಳು, ಪ್ಲೋವರ್‌ಗಳು, ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂಗಳು. ಆಗಸ್ಟ್-ಸೆಪ್ಟೆಂಬರಿನಿಂದ ಬರತೊಡಗಿ ಏಪ್ರಿಲ್-ಮೇ ಹೊತ್ತಿಗೆ ಹೊರಡುತ್ತವೆ. ಅವು ಮೊಟ್ಟೆ ಇಟ್ಟು ಮರಿ ಮಾಡುವುದು ಮಧ್ಯ ಏಷ್ಯಾ, ಟಿಬೆಟ್, ಸೈಬೀರಿಯಾ ಕಡೆ. ನಮ್ಮ ಕಡಲ ತೀರದಲ್ಲಿ ಚಳಿಗಾಲ ಕಳೆಯುವ ಕಂದು ತಲೆಯ ಕಡಲಹಕ್ಕಿ ಮರಿ ಮಾಡುವುದು ಟಿಬೆಟ್ ಪ್ರಸ್ಥಭೂಮಿಯ ಸರೋವರಗಳಲ್ಲಿ. ಹೆಸರು ಕಂದು ತಲೆ ಎಂದಾದರೂ ಡಿಸೆಂಬರಿನಲ್ಲಿ ನೋಡಿದರೆ ತಲೆ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕೆ ಅಷ್ಟೇ. ಹೊರಡುವ ದಿನ ಹತ್ತಿರ ಬಂದಂತೆ ತಲೆಗೆ ಕಂದು ಬಣ್ಣ ಏರತೊಡಗುತ್ತದೆ. ಮದುವೆಗೆ ಹೊರಟವರು ಪೇಟ ಸುತ್ತಿಕೊಂಡ ಹಾಗೆ.

ಈ ಜಾತಿಯ ಹಕ್ಕಿಗಳ ತಾಕತ್ತು ಎಷ್ಟು ಗೊತ್ತೇ? 2022ರ ಅಕ್ಟೋಬರಿನಲ್ಲಿ ಗಾಡ್‌ವಿಟ್ ಎಂಬ, ಇದೇ ಗೊರವಗಳ ಬಳಗದ ಒಂದು ಹಕ್ಕಿ ಅಲಾಸ್ಕಾದಿಂದ ಹೊರಟು 11 ದಿನ ಎಲ್ಲಿಯೂ ಇಳಿಯದೆ 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು. ಬೆನ್ನಿಗೆ ಕಟ್ಟಿದ್ದ ಸಣ್ಣ ಉಪಗ್ರಹ ಸಾಧನದಿಂದ ಇದು ತಿಳಿಯಿತು. ಆ ಹಕ್ಕಿಗೆ ಆಗ ಐದೇ ತಿಂಗಳ ವಯಸ್ಸು. ಅಷ್ಟು ದೂರ ಹಾರಲು ಬೇಕಾದ ಶಕ್ತಿ ಎಲ್ಲಿಂದ? ಹೊರಡುವ ಮುಂಚೆ ಕೆಸರಿನಲ್ಲಿ ತಿಂದು ಮೈಯಲ್ಲಿ ಕೂಡಿಸಿಟ್ಟ ಕೊಬ್ಬಿನಿಂದ. ನಮ್ಮ ಅಳಿವೆಗೆ ಬರುವ ಹಕ್ಕಿಗಳಿಗೂ ಲೆಕ್ಕ ಅದೇ. ಇಲ್ಲಿನ ಬಳಚು, ಹುಳ, ಏಡಿಮರಿ ಅವಕ್ಕೆ ದಾರಿಯ ಬುತ್ತಿ.

ಒಂದೇ ಕೆಸರಿನಲ್ಲಿ ಇಷ್ಟು ಹಕ್ಕಿಗಳು ಜಗಳವಿಲ್ಲದೆ ಹೇಗೆ ತಿನ್ನುತ್ತವೆ ಎಂದು ಕೇಳಬಹುದು. ಉತ್ತರ ಕೊಕ್ಕಿನಲ್ಲಿದೆ. ಪ್ಲೋವರಿನ ಕೊಕ್ಕು ಗಿಡ್ಡ, ಅದು ಮೇಲ್ಮೈಯಲ್ಲಿ ಕಂಡದ್ದನ್ನು ಹೆಕ್ಕುತ್ತದೆ. ಕೆಂಪು ಕಾಲಿನ ಗೊರವ ಒಂದೆರಡು ಇಂಚು ಒಳಗಿನದನ್ನು ತೆಗೆಯುತ್ತದೆ. ಕರ್ಲ್ಯೂ ಗೇಣುದ್ದ ಕೊಕ್ಕನ್ನು ಏಡಿಯ ಬಿಲದೊಳಗೆ ಇಳಿಸುತ್ತದೆ. ಒಂದೇ ಗದ್ದೆಯನ್ನು ಮೇಲೆ, ನಡುವೆ, ಕೆಳಗೆ ಎಂದು ಪಾಲು ಮಾಡಿಕೊಂಡ ಹಾಗೆ.

ಇವನ್ನು ನೋಡುವುದು, ಫೋಟೋ ತೆಗೆಯುವುದು ಹೇಗೆ? ನಾನು ಪುಸ್ತಕದಿಂದ ಕಲಿತದ್ದಿದೆ. ಆದರೆ ಮುಖ್ಯ ಪಾಠ ಸಿಕ್ಕಿದ್ದು ಅಳಿವೆಯಲ್ಲಿ ಬಳಚು ಹೆಕ್ಕುತ್ತಿದ್ದ ಒಬ್ಬ ಹಿರಿಯಮ್ಮನಿಂದ. ಹಕ್ಕಿ ನೋಡಲು ಯಾವ ಹೊತ್ತಿಗೆ ಬಂದರೆ ಒಳ್ಳೆಯದು ಎಂದು ಕೇಳಿದೆ. ಸೊಂಟ ನೆಟ್ಟಗೆ ಮಾಡಿ ನನ್ನ ಕ್ಯಾಮೆರಾ ನೋಡಿ ಹೇಳಿದರು: "ತಮಾ, ಗಡಿಯಾರ ನೋಡಿ ಬಪ್ಪದಲ್ಲ, ನೀರು ನೋಡಿ ಬರಬೇಕು. ನೀರು ಇಳದಾಗ ಹಕ್ಕಿ ದೂರ. ನೀರು ಏರುವಾಗ ಸುಮ್ನೆ ಒಂದ್ಕಡೆ ಕೂತ್ಕ. ನೀರೇ ಹಕ್ಕಿನ ನಿನ್ನ ಹತ್ರ ತರ್ತದೆ."

ಈ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ಇಳಿತದ ಹೊತ್ತಿನಲ್ಲಿ ಕೆಸರು ವಿಶಾಲವಾಗಿ ತೆರೆದುಕೊಳ್ಳುತ್ತದೆ, ಹಕ್ಕಿಗಳು ಚದುರಿ ಮೇಯುತ್ತವೆ. ಭರತ ಬಂದಂತೆ ಜಾಗ ಕಿರಿದಾಗುತ್ತ ಅವು ಗುಂಪು ಗುಂಪಾಗಿ ದಂಡೆಯ ಕಡೆ ಸರಿಯುತ್ತವೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ. ಆದ್ದರಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಹೆಚ್ಚು. ಮೀನುಗಾರರ ಮನೆಯ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ನಗರದ ಛಾಯಾಗ್ರಾಹಕ ಲಕ್ಷಗಟ್ಟಲೆ ಹಣದ ಲೆನ್ಸ್ ತಂದರೂ ಈ ಲೆಕ್ಕ ಗೊತ್ತಿಲ್ಲದಿದ್ದರೆ ಬರಿಗೈ. ನಿಮ್ಮ ಹತ್ತಿರ ಆ ಲೆಕ್ಕ ಹುಟ್ಟಿನಿಂದಲೇ ಇದೆ.

ಇನ್ನೊಂದು ಅನುಕೂಲ ನಮ್ಮ ಕರಾವಳಿಗಿದೆ. ಸಮುದ್ರ ನಮಗೆ ಪಶ್ಚಿಮಕ್ಕೆ. ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ, ಬೆಳಕು ನೇರ ಹಕ್ಕಿಯ ಮೇಲೆ ಬೀಳುತ್ತದೆ. ಗರಿ ಗರಿಯೂ ಬಿಡಿಸಿ ಕಾಣುತ್ತದೆ. ಸಂಜೆ ಅದೇ ಜಾಗದಲ್ಲಿ ಹಕ್ಕಿ ಕಪ್ಪು ನೆರಳಾಗುತ್ತದೆ, ಅದೂ ಒಂದು ಚಂದ. ಕುಕ್ಕರುಗಾಲಿನಲ್ಲಿ ಅಥವಾ ಮಲಗಿ, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆದ ಚಿತ್ರವೇ ಬೇರೆ. ಬಟ್ಟೆ ಕೊಳೆಯಾಗುತ್ತದೆ, ಮನೆಯಲ್ಲಿ ಅಮ್ಮನಿಂದ ಬೈಗುಳ ಸಿಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಉಪ್ಪುಗಾಳಿ ಕ್ಯಾಮೆರಾಕ್ಕೆ ಶತ್ರು. ಮನೆಗೆ ಬಂದ ಕೂಡಲೇ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಹೊರಮೈ ಒರೆಸಬೇಕು. 3000 ಮಿಲಿಮೀಟರ್ ದಾಟುವ ನಮ್ಮ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ಸಾಕು.

ಕ್ಯಾಮೆರಾ ಇಲ್ಲದಿದ್ದರೂ ನಷ್ಟವಿಲ್ಲ. ಡಾ. ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕ 1941ರಲ್ಲಿ ಬಂತು. ಆ ಕಾಲದಲ್ಲಿ ಹಕ್ಕಿ ಕಲಿತವರ ಕೈಯಲ್ಲಿ ಇದ್ದದ್ದು ದುರ್ಬೀನು ಮತ್ತು ಟಿಪ್ಪಣಿ ಪುಸ್ತಕ. ನಮ್ಮ ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದರು, ಅವುಗಳ ಬಗ್ಗೆ ಕನ್ನಡದಲ್ಲೇ ಬರೆದರು. ಅವರ ಪುಸ್ತಕಗಳು ಶಾಲೆಯ ಗ್ರಂಥಾಲಯಕ್ಕೆ ಬರಬೇಕು. ಮೊದಲು ಕಣ್ಣು, ಆಮೇಲೆ ಪುಸ್ತಕ, ಕ್ಯಾಮೆರಾ ಕೊನೆಗೆ.

ಫೋಟೋ ತೆಗೆಯುವವರಿಗೆ ಒಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಚಿತ್ರಕ್ಕಿಂತ ಹಕ್ಕಿ ಮುಖ್ಯ. ಹಾರುವ ಗುಂಪಿನ ಚಿತ್ರ ಬೇಕೆಂದು ಕಲ್ಲು ಎಸೆಯುವುದನ್ನು, ಗುಂಪಿನ ನಡುವೆ ಓಡುವುದನ್ನು ತೀರದಲ್ಲಿ ಕಂಡಿದ್ದೇನೆ. ವಿಶ್ರಾಂತಿಯಲ್ಲಿರುವ ಹಕ್ಕಿಯನ್ನು ನಾವು ಎಬ್ಬಿಸಿದ ಪ್ರತಿ ಸಲ, ಅದು ಟಿಬೆಟಿನ ದಾರಿಗೆಂದು ಕೂಡಿಸಿಟ್ಟ ಬುತ್ತಿಯಿಂದ ಒಂದು ತುತ್ತು ಖರ್ಚಾಗುತ್ತದೆ. ಗೂಡಿನ ಹತ್ತಿರ ಹೋಗಬಾರದು. ನಾವು ಕೊಂಬೆ ಸರಿಸಿದರೆ ಕಾಗೆ ನೋಡುತ್ತಿರುತ್ತದೆ, ನಾವು ಹೋದ ಮೇಲೆ ಅದು ಬರುತ್ತದೆ. ಟಿಟ್ಟಿಭ ಬರಿ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಅದು ತಲೆಯ ಮೇಲೆ ಕೂಗುತ್ತ ಹಾರಾಡಿದರೆ 'ಇಲ್ಲಿಂದ ಹೋಗು' ಎಂದು ಅರ್ಥ, ಹೋಗಬೇಕು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಗೂಡಿನ ಮೇಲೆ ಡ್ರೋನ್ ಹಾರಿಸುವುದು, ಗೂಡಿನ ಜಾಗವನ್ನು ವಾಟ್ಸಾಪಿನಲ್ಲಿ ಹಂಚುವುದು ಇವು ಯಾವುವೂ ಬೇಡ.

ಈಗ ಮತ್ತೆ ಗುಬ್ಬಚ್ಚಿಯ ಪ್ರಶ್ನೆಗೆ ಬರುತ್ತೇನೆ. ನನ್ನ ಕೆಲಸದಲ್ಲಿ 'ಲಾಗ್' ಎಂಬುದೊಂದಿದೆ. ದೊಡ್ಡ ಕಂಪ್ಯೂಟರ್ ವ್ಯವಸ್ಥೆ ತಾನು ಯಾವ ಕ್ಷಣಕ್ಕೆ ಏನು ಮಾಡಿದೆ ಎಂದು ಸಾಲು ಸಾಲಾಗಿ ಬರೆದಿಡುತ್ತ ಹೋಗುತ್ತದೆ. ಎಲ್ಲ ಸರಿ ಇದ್ದಾಗ ಅದನ್ನು ಯಾರೂ ಓದುವುದಿಲ್ಲ. ಏನೋ ಕೆಟ್ಟ ದಿನ ಮಾತ್ರ ಎಲ್ಲರೂ ಅದನ್ನೇ ಹುಡುಕುತ್ತಾರೆ. ಅದು ಇಲ್ಲದಿದ್ದರೆ ನೂರು ಜನ ನೂರು ಊಹೆ ಹೇಳುತ್ತಾರೆ. ಗುಬ್ಬಚ್ಚಿಯ ವಿಷಯದಲ್ಲಿ ನಮಗೆ ಆಗಿದ್ದು ಅದೇ.

ಹಾಗೆ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. 2023ರಲ್ಲಿ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ಬಂತು. ಸುಮಾರು 30,000 ಹಕ್ಕಿ ವೀಕ್ಷಕರು ಬರೆದಿಟ್ಟ 3 ಕೋಟಿ ವೀಕ್ಷಣೆಗಳನ್ನು ಸೇರಿಸಿ 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ ಮಾತ್ರ. ಆ 338ರಲ್ಲಿ ಶೇ. 60ರಷ್ಟು ಜಾತಿಗಳು ಇಳಿಮುಖವಾಗಿವೆ. ನವಿಲು, ಕೋಗಿಲೆ ಹೆಚ್ಚುತ್ತಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ. ದೂರದಿಂದ ವಲಸೆ ಬರುವ ದಂಡೆಯ ಹಕ್ಕಿಗಳು, ಅಂದರೆ ನಮ್ಮ ಅಳಿವೆಯ ಅತಿಥಿಗಳೇ, ಹೆಚ್ಚು ಕುಸಿದವುಗಳ ಸಾಲಿನಲ್ಲಿವೆ. ಇನ್ನೊಂದು ರೀತಿ ನೋಡಿ: 942ರಲ್ಲಿ 604 ಜಾತಿಗಳ ಬಗ್ಗೆ ದೀರ್ಘಕಾಲದ ಮಾತು ಹೇಳಲು ಆಗಲಿಲ್ಲ. ಏಕೆಂದರೆ ಬರೆದಿಟ್ಟವರು ಸಾಲಲಿಲ್ಲ.

ಆ 30,000 ಜನ ಯಾರು? ವಿಜ್ಞಾನಿಗಳು ಅದರಲ್ಲಿ ಕೆಲವರು. ಉಳಿದವರು ಶಿಕ್ಷಕರು, ಬ್ಯಾಂಕಿನವರು, ಗೃಹಿಣಿಯರು, ವಿದ್ಯಾರ್ಥಿಗಳು. ಪಕ್ಕದ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಮಳೆಗಾಲಕ್ಕೊಮ್ಮೆ, ಬೇಸಿಗೆಯ ಮುಂಚೆ ಒಮ್ಮೆ ನಡೆದು ಹಕ್ಕಿಗಳ ಭೂಪಟ ಮಾಡಿದರು. ನಮ್ಮ ಮೈಸೂರಿನಲ್ಲೂ ನಗರದ ಮಟ್ಟಿಗೆ ಅಂಥದ್ದು ಆಗಿದೆ. ನಮ್ಮ ಅಳಿವೆಯ ದಂಡೆಯಲ್ಲಿ ಏಕೆ ಆಗಬಾರದು?

ಇದು ಬರಿ ಹವ್ಯಾಸದ ಮಾತಲ್ಲ. ತದಡಿಗೆ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದು ಹೋದದ್ದು ಹಿರಿಯರಿಗೆ ಗೊತ್ತು. ಬಂದರಿನ ಮಾತೂ ಬಂದಿದೆ. ಮುಂದೆಯೂ ಏನಾದರೊಂದು ಬರುತ್ತಲೇ ಇರುತ್ತದೆ. ಊರಿಗೆ ಕೆಲಸ ಬೇಕು, ರಸ್ತೆ ಬೇಕು, ನಾನು ಅದಕ್ಕೆ ವಿರೋಧಿಯಲ್ಲ. ಕೆಲಸ ಹುಡುಕಿಕೊಂಡು ಘಟ್ಟ ಹತ್ತಿದವನು ನಾನೇ. ಆದರೆ ಅಂಥ ಹೊತ್ತಿನಲ್ಲಿ ಯಾರೋ ಬಂದು, 'ಇಲ್ಲಿ ಏನಿದೆ? ಬರಿ ಕೆಸರು' ಎಂದರೆ, ನಾವು ಏನನ್ನು ಮೇಜಿನ ಮೇಲೆ ಇಡುತ್ತೇವೆ? 'ನಮ್ಮಜ್ಜ ಹೇಳುತ್ತಿದ್ದರು' ಎಂದರೆ ಕಚೇರಿಯಲ್ಲಿ ನಡೆಯುವುದಿಲ್ಲ. 'ಇಲ್ಲಿ ನೋಡಿ, ಇಪ್ಪತ್ತು ವರ್ಷದ ಲೆಕ್ಕ, ವಾರ ವಾರ, ಮಕ್ಕಳ ಸಹಿ ಸಮೇತ' ಎಂದರೆ ನಡೆಯುತ್ತದೆ. ಹಕ್ಕಿ ಇದೆ ಎಂದರೆ ಹುಳ ಇದೆ, ಬಳಚು ಇದೆ, ಮೀನಿನ ಮರಿ ಇದೆ ಎಂದರ್ಥ. ಹಕ್ಕಿಯ ಲೆಕ್ಕ ಕೊನೆಗೆ ನಮ್ಮ ಮನೆಯ ಗಡಿಗೆಯ ಲೆಕ್ಕವೇ.

ಆದ್ದರಿಂದ ನನ್ನದೊಂದು ಸಲಹೆ. ನಮ್ಮ ಶಾಲೆಯಲ್ಲಿ ಹಕ್ಕಿಗಳಿಗೂ ಒಂದು ಹಾಜರಿ ಪುಸ್ತಕ ಇಡೋಣ. ದೊಡ್ಡ ಯೋಜನೆ ಬೇಡ, ಅನುದಾನ ಬೇಡ. ಶನಿವಾರ ಬೆಳಗಿನ ಶಾಲೆ ಇರುತ್ತದೆ. ಪ್ರಾರ್ಥನೆಗೆ ಮುಂಚೆ 15 ನಿಮಿಷ. ಎಂಟು, ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳು ಸರದಿಯ ಮೇಲೆ ಒಂದೇ ಜಾಗದಲ್ಲಿ ನಿಂತು, ಕಂಡ ಹಕ್ಕಿಗಳ ಹೆಸರು, ಸಂಖ್ಯೆ ಬರೆಯಬೇಕು. ತಾರೀಖು, ಗಂಟೆ, ಭರತವೋ ಇಳಿತವೋ, ಮೋಡವೋ ಬಿಸಿಲೋ, ಬರೆದವರ ಸಹಿ. ಅಷ್ಟೇ.

ಅದರಲ್ಲಿ ಮೂರು ನಿಯಮ ಇರಲಿ. ಮೊದಲನೆಯದು, ಕಂಡ ಎಲ್ಲವನ್ನೂ ಬರೆಯಬೇಕು. ಕಾಗೆಯನ್ನೂ ಬಿಡಬಾರದು. ಗುಬ್ಬಚ್ಚಿಯನ್ನು ಯಾರೂ ಬರೆಯದೆ ಇದ್ದದ್ದು ಅದು ದಿನಾ ಕಾಣುತ್ತಿತ್ತು ಎಂಬ ಕಾರಣಕ್ಕೇ. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಇಲ್ಲದ ಹೆಸರಿಗೂ ಬೆಲೆ ಇದೆ, ಹಾಜರಿ ಪುಸ್ತಕದಲ್ಲಿ ಗೈರುಹಾಜರಿಗೆ ಬೆಲೆ ಇರುವ ಹಾಗೆ. ಎರಡನೆಯದು, ಗೊತ್ತಿಲ್ಲದ ಹಕ್ಕಿಗೆ ಊಹೆಯ ಹೆಸರು ಹಾಕಬಾರದು. 'ಕೆಂಪು ಕಾಲಿನ, ಕಾಗೆಗಿಂತ ಸಣ್ಣ ಹಕ್ಕಿ, 6' ಎಂದು ಬರೆದರೆ ಸಾಕು. ಮೂರನೆಯದು, ಒಂದು ಅಂಕಣ 'ನಮ್ಮ ಮನೆಯಲ್ಲಿ ಕರೆಯುವ ಹೆಸರು' ಎಂದಿರಲಿ. ಪುಸ್ತಕದಲ್ಲಿ ಕೆಂಬೂತ ಎಂದಿರುವುದನ್ನು ಒಂದು ಮನೆಯಲ್ಲಿ ರತ್ನಪಕ್ಷಿ ಎನ್ನುತ್ತಾರೆ, ಕಂಡರೆ ಶುಭ ಎನ್ನುತ್ತಾರೆ. ಅಜ್ಜಿಯರನ್ನು ಕೇಳಿ ಬನ್ನಿ. ಹಕ್ಕಿಗಿಂತ ಮುಂಚೆ ಹಕ್ಕಿಯ ಹೆಸರು ನಮ್ಮ ನಡುವಿನಿಂದ ಹೋಗುತ್ತಿದೆ.

ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ನಡೆಯುತ್ತದೆ. ಭಾರತ 2013ರಿಂದ ಸೇರಿದೆ. ಶಾಲೆ ಕಾಲೇಜುಗಳು ತಮ್ಮ ಆವರಣದ ಹಕ್ಕಿಗಳನ್ನು ಎಣಿಸಿ ಕಳಿಸಬಹುದು. ನಮ್ಮ ಪುಸ್ತಕದ ಮಾಹಿತಿಯನ್ನು 'ಇ-ಬರ್ಡ್' ಎಂಬ ಉಚಿತ ಜಾಲತಾಣಕ್ಕೆ ಏರಿಸಿದರೆ, ಅಳಿವೆಯ ದಂಡೆಯ ಒಂದು ಸರಕಾರಿ ಪ್ರೌಢಶಾಲೆಯ ಲೆಕ್ಕ ದೇಶದ ಲೆಕ್ಕಕ್ಕೆ ಸೇರುತ್ತದೆ. ಆ ಕಂಪ್ಯೂಟರ್ ಕೆಲಸವನ್ನು ನಾನು ಬೆಂಗಳೂರಿನಿಂದಲೇ ಮಾಡಿಕೊಡುತ್ತೇನೆ, ಮಕ್ಕಳಿಗೆ ಕಲಿಸಿಯೂ ಕೊಡುತ್ತೇನೆ. ಒಂದು ಹಕ್ಕಿಯ ಕಾಲಿನಲ್ಲಿ ಉಂಗುರ ಅಥವಾ ಬಣ್ಣದ ಪಟ್ಟಿ ಕಂಡರೆ ಫೋಟೋ ತೆಗೆದು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬಹುದು. 1883ರಲ್ಲಿ ಆರಂಭವಾದ ಸಂಸ್ಥೆ ಅದು. ಆ ಉಂಗುರ ಯಾವ ದೇಶದಲ್ಲಿ, ಯಾವಾಗ ತೊಡಿಸಿದ್ದು ಎಂಬ ಉತ್ತರ ಬಂದ ದಿನ ಭೂಗೋಳದ ತಾಸು ತಾನಾಗಿಯೇ ನಡೆಯುತ್ತದೆ.

ನಮ್ಮ 2004ನೇ ಸಾಲಿನ ಎಸ್.ಎಸ್.ಎಲ್.ಸಿ. ಬ್ಯಾಚಿನವರು ಸೇರಿ ಎರಡು ದುರ್ಬೀನು, ಕನ್ನಡದ ಹಕ್ಕಿ ಪುಸ್ತಕಗಳ ಒಂದು ಕಟ್ಟು, ಗಟ್ಟಿ ರಟ್ಟಿನ ಒಂದು ದೊಡ್ಡ ದಫ್ತರು ತಂದಿದ್ದೇವೆ. ಹಿಂದೆ ಮೇಜಿನ ಮೇಲಿವೆ. ದುರ್ಬೀನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ ಎಂದು ಮುಖ್ಯಾಧ್ಯಾಪಕರಲ್ಲಿ ನನ್ನ ವಿನಂತಿ. ಮಕ್ಕಳ ಕೈಯಲ್ಲಿ ಬಿದ್ದು ಒಡೆದರೆ ಇನ್ನೊಂದು ತಂದುಕೊಡುತ್ತೇವೆ. ಕಪಾಟಿನಲ್ಲಿ ಕುಳಿತು ಬೂಷ್ಟು ಹಿಡಿದರೆ ಮಾತ್ರ ಬೇಸರವಾಗುತ್ತದೆ.

ಊರಿನ ಹಿರಿಯರಲ್ಲೂ ಒಂದು ಕೋರಿಕೆ. ಮೀನು ಹಿಡಿಯುವವರು, ಬಳಚು ಹೆಕ್ಕುವವರು, ಗಜನಿ ಮಾಡುವವರು ತಿಂಗಳಿಗೊಮ್ಮೆ ಶಾಲೆಗೆ ಬಂದು ಅರ್ಧ ತಾಸು ಮಕ್ಕಳ ಜೊತೆ ಕುಳಿತುಕೊಳ್ಳಿ. ಯಾವ ಹಕ್ಕಿ ಯಾವ ಮಳೆಗೆ ಬರುತ್ತಿತ್ತು, ಯಾವುದು ಮೊದಲು ಹೆಚ್ಚಿತ್ತು, ಯಾವುದು ಈಗ ಕಾಣುವುದಿಲ್ಲ ಎಂದು ಹೇಳಿ. ಅದನ್ನು ಹೇಳಿದವರ ಹೆಸರು ಸಮೇತ ಅದೇ ದಫ್ತರಿನ ಕೊನೆಯ ಪುಟಗಳಲ್ಲಿ ಬರೆಸೋಣ. ಶಾಲೆಯ ಬಾಗಿಲು ದಾಟದ ಎಷ್ಟೋ ಜನ ಅಳಿವೆಯ ಮಟ್ಟಿಗೆ ನಮ್ಮೆಲ್ಲರ ಮಾಸ್ತರರು, ಅಕ್ಕೋರುಗಳು.

ವಾರಕ್ಕೊಂದು ಪುಟ, ರಜೆ ಕಳೆದು ವರ್ಷಕ್ಕೆ 40 ಪುಟ. ಶಾಲೆಗೆ 75 ತುಂಬುವ ಹೊತ್ತಿಗೆ ಸಾವಿರ ಪುಟ. ಆ ದಿನ ಈ ವೇದಿಕೆಯ ಮೇಲೆ ನಿಲ್ಲುವವರು ಇವತ್ತು ಮುಂದಿನ ಸಾಲಿನಲ್ಲಿ ಕುಳಿತ ನಿಮ್ಮಲ್ಲಿ ಒಬ್ಬರು. ಆಗ ಯಾರಾದರೂ ಎದ್ದು, 'ಇಂಥ ಹಕ್ಕಿ ಯಾವ ವರ್ಷ ಹೋಯಿತು?' ಎಂದು ಕೇಳಿದರೆ ಪುಟ ತೆಗೆದು ತೋರಿಸುವಂತಾಗಲಿ. 'ಎಲ್ಲಿ ಹೋಗಿದೆ, ಕಳೆದ ಶನಿವಾರವೂ ಬಂದಿತ್ತಲ್ಲ' ಎನ್ನುವಂತಾದರೆ ಇನ್ನೂ ಒಳ್ಳೆಯದು.

ಮುಂದಿನ ಶನಿವಾರ ಬೆಳಿಗ್ಗೆ ಮೊದಲ ಪುಟ ಬರೆಯೋಣ ಎಂದು ವಿಜ್ಞಾನದ ಅಕ್ಕೋರು ಒಪ್ಪಿದ್ದಾರೆ. ನಾನು ಸೋಮವಾರದವರೆಗೆ ಊರಿನಲ್ಲೇ ಇರುತ್ತೇನೆ. ಬರುವವರು ಬಣ್ಣದ ಅಂಗಿ ಬಿಟ್ಟು ಬನ್ನಿ, ಒಂದು ಪೆನ್ಸಿಲ್ ತನ್ನಿ. ಪೆನ್ನಿನ ಶಾಯಿ ಮಳೆಯಲ್ಲಿ ಹರಡುತ್ತದೆ, ಪೆನ್ಸಿಲ್ ಹಾಗೆ ಮಾಡುವುದಿಲ್ಲ.